ನೋವು ನಿಂತ ಹಲ್ಲು

ಸಾಂಗ್ಲಿಯ ಅರಿಶಿನ ಪೇಟೆಯಲ್ಲಿ ಸವಾಲು ಕೂಗುವಾಗ ಹಲ್ಲುನೋವಿಗೆ ಯಾರಿಗೆ ಪುರುಸೊತ್ತು? ನಾನೂ ಲವಂಗ ಇಟ್ಟು, ಗುಳಿಗೆ ನುಂಗಿ ವರ್ಷ ತಳ್ಳಿದೆ. ನೋವು ಹೋಯಿತು, ಪಥ್ಯ ಮಾಡಿದರೂ ಸಕ್ಕರೆ ಮಾತ್ರ ಇಳಿಯಲಿಲ್ಲ. ಮಿರಜದ ದಂತವೈದ್ಯರು ಎಕ್ಸ್‌ರೇ ತೋರಿಸಿದರು: ನರ ಸತ್ತು ನೋವು ನಿಂತಿತ್ತು, ಬೇರಿನ ತುದಿಯಲ್ಲಿ ಕೀವು ಹಾಗೇ ಇತ್ತು. ಇಂಥ ಸೋಂಕು ಮೈಯೆಲ್ಲ ಉರಿಯೂತ ಹೆಚ್ಚಿಸಿ ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಿಯಾಗಬಲ್ಲದು. ಸಕ್ಕರೆ ಏರಿದರೆ ಸೋಂಕೂ ಬೇಗ ಮಾಯದು. ರೂಟ್ ಕೆನಾಲ್ ಮಾಡಿಸಿಕೊಂಡ 65 ಜನರನ್ನು ಎರಡು ವರ್ಷ ಪರೀಕ್ಷಿಸಿದ ಲಂಡನ್ನಿನ ಕಿಂಗ್ಸ್ ಕಾಲೇಜಿನವರು, ಅವರ ರಕ್ತದ ಸಕ್ಕರೆ ಸುಧಾರಿಸಿತೆಂದು 2025ರಲ್ಲಿ ಪ್ರಕಟಿಸಿದರು. ಸಕ್ಕರೆಯ ಗುಳಿಗೆ ಬಿಡಬೇಡಿ; ಹಲ್ಲನ್ನೂ ತೋರಿಸಿ. ಸಾಲಗಾರ ಬಾಗಿಲಿಗೆ ಬರಲಿಲ್ಲವೆಂದು ಬಡ್ಡಿ ನಿಲ್ಲುವುದಿಲ್ಲ.