ಯಂತ್ರಕ್ಕೆ ಕಲಿಸಿದವರು ಯಾರು?

ಎಐ ಬಂದಮೇಲೆ ಕಂಪನಿಗಳಿಗೆ ತರಬೇತುದಾರರೇ ಬೇಡ ಎಂಬ ಕಳೆದ ಸಂಚಿಕೆಯ ವಾದವನ್ನು ಒಪ್ಪಲಾರೆ. ಲೇಖಕರು ನೆಚ್ಚಿಕೊಂಡ ಅಧ್ಯಯನವೇ ಅವರ ವಿರುದ್ಧ ಸಾಕ್ಷಿ ಹೇಳುತ್ತದೆ. ಎರಿಕ್ ಬ್ರಿನ್‌ಯಾಲ್ಫ್‌ಸನ್ ಮತ್ತು ಸಂಗಡಿಗರು 2023ರಲ್ಲಿ ಪ್ರಕಟಿಸಿದ ಅದು ಐದು ಸಾವಿರಕ್ಕೂ ಹೆಚ್ಚು ಗ್ರಾಹಕ ಸೇವಾ ಸಿಬ್ಬಂದಿಯನ್ನು ಗಮನಿಸಿತ್ತು. ಎಐ ನೆರವು ಸಿಕ್ಕ ಮೇಲೆ ಗಂಟೆಗೆ ಬಗೆಹರಿಸುವ ದೂರುಗಳು ಸರಾಸರಿ ಶೇ 14ರಷ್ಟು, ಹೊಸಬರಲ್ಲಿ ಶೇ 34ರಷ್ಟು ಹೆಚ್ಚಿದವು, ನಿಜ. ಆದರೆ ಆ ಯಂತ್ರ ಕಲಿತದ್ದು ಯಾರಿಂದ? ಅಲ್ಲಿನ ನುರಿತವರ ಸಂಭಾಷಣೆಗಳಿಂದ. ಅವರಿಗೇ ಅದರಿಂದ ಆದ ಪ್ರಯೋಜನ ತೀರಾ ಅಲ್ಪ. ಅವರನ್ನು ಮನೆಗೆ ಕಳಿಸಿದರೆ ನಾಳೆ ಹೊಸ ಬಗೆಯ ದೂರು ಬಂದಾಗ ಯಂತ್ರಕ್ಕೆ ಹೇಳಿಕೊಡುವವರು ಯಾರು? ಇನ್ನು, ಚಾಟ್ ಪರದೆಯ ಫಲಿತಾಂಶವನ್ನು ಲೇತ್ ಮುಂದೆ ನಿಂತ ಐಟಿಐ ಹುಡುಗನಿಗೂ ಅನ್ವಯಿಸುವುದು ಅಪಾಯಕಾರಿ. ಎಐ ತರುವ ಸಂಸ್ಥೆಗಳು ಅದಕ್ಕೆ ಕಲಿಸಿದ ಹಿರಿಯ ನೌಕರರನ್ನು ಉಳಿಸಿಕೊಳ್ಳಲಿ, ಲಾಭದಲ್ಲಿ ಪಾಲನ್ನೂ ಕೊಡಲಿ.