ನಾಯಿಗೆ ಸಮುದ್ರಸ್ನಾನ ಒಳ್ಳೆಯದೇ? ಮಲ್ಪೆಗೆ ಹೊರಡುವ ಮುನ್ನ ತಿಳಿದಿರಲಿ

ರಜೆ ಬಂತೆಂದರೆ ಬೆಂಗಳೂರು, ಮೈಸೂರು, ಹುಬ್ಬಳ್ಳಿ ಕಡೆಯ ಕಾರುಗಳು ಉಡುಪಿಯತ್ತ ಹೊರಡುತ್ತವೆ. ಹಿಂದಿನ ಸೀಟಿನಲ್ಲಿ ಮಕ್ಕಳ ಜೊತೆ ಈಗ ಮನೆಯ ನಾಯಿಯೂ ಇರುತ್ತದೆ. ಅದರ ಹಿಂದೆಯೇ ಸಲಹೆಗಳೂ ಬರುತ್ತವೆ: ‘ನಾಯಿ ಹುಟ್ಟು ಈಜುಗಾರ’, ‘ಉಪ್ಪುನೀರಲ್ಲಿ ಮುಳುಗಿಸಿದರೆ ಚರ್ಮರೋಗ ಹೋಗುತ್ತದೆ’, ‘ಬಿಸಿಲು ತಾಗಿದ ನಾಯಿಗೆ ತಣ್ಣೀರು ಹಾಕಿದರೆ ಹೃದಯ ನಿಲ್ಲುತ್ತದೆ’. ಇವುಗಳಲ್ಲಿ ಕೊನೆಯದನ್ನು ನಂಬಿದರೆ ನಾಯಿಯ ಜೀವವೇ ಹೋಗಬಹುದು. ಒಂದೊಂದಾಗಿ ನೋಡೋಣ.

ಕರಾವಳಿಯ ಸೆಕೆ ನಾಯಿಗೆ ಏಕೆ ಕಷ್ಟ?

ನಮಗೆ ಸೆಕೆಯಾದರೆ ಮೈಯೆಲ್ಲ ಬೆವರುತ್ತದೆ. ನಾಯಿಗೆ ಬೆವರುವುದು ಮುಖ್ಯವಾಗಿ ಪಾದದ ಅಡಿಯಲ್ಲಿ ಮಾತ್ರ, ಅದರಿಂದ ಮೈ ತಣ್ಣಗಾಗುವುದು ಅಷ್ಟಕ್ಕಷ್ಟೇ. ಅದು ನಾಲಿಗೆ ಚಾಚಿ ಏದುಸಿರು ಬಿಡುತ್ತದೆ. ಬಾಯಿ ಮತ್ತು ಶ್ವಾಸನಾಳದ ತೇವ ಆವಿಯಾಗುವಾಗ ದೇಹದ ಬಿಸಿಯೂ ಹೊರಹೋಗುತ್ತದೆ.

ಮಲ್ಪೆಯಲ್ಲಿ ತೊಂದರೆ ಇರುವುದೇ ಇಲ್ಲಿ. ಕಲಬುರಗಿಯ 40 ಡಿಗ್ರಿಯ ಮುಂದೆ ಕರಾವಳಿಯ 33 ಡಿಗ್ರಿ ಕಡಿಮೆ ಎನಿಸುತ್ತದೆ. ಆದರೆ ಕಡಲ ತೀರದ ಗಾಳಿಯಲ್ಲಿ ಮೊದಲೇ ತೇವ ತುಂಬಿರುತ್ತದೆ. ಮಳೆಗಾಲದಲ್ಲಿ ಬಟ್ಟೆ ಒಣಗದ ಹಾಗೆ ನಾಯಿಯ ಬಾಯಿಯ ತೇವವೂ ಬೇಗ ಆರುವುದಿಲ್ಲ. ಎಷ್ಟು ಏದುಸಿರು ಬಿಟ್ಟರೂ ಮೈಬಿಸಿ ಇಳಿಯುವುದಿಲ್ಲ. ಆರೋಗ್ಯವಂತ ನಾಯಿಯ ಮೈಬಿಸಿ ಸುಮಾರು 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. ಅದು 41 ದಾಟಿದರೆ ಮಿದುಳು, ಮೂತ್ರಪಿಂಡಗಳಿಗೆ ಹಾನಿಯಾಗುವ ಅಪಾಯವಿದೆ.

ಪಗ್, ಬುಲ್‌ಡಾಗ್‌ನಂಥ ಮೊಂಡುಮೂತಿಯ ನಾಯಿಗಳಿಗೆ, ವಯಸ್ಸಾದ ಮತ್ತು ಬೊಜ್ಜು ಬಂದ ನಾಯಿಗಳಿಗೆ ಅಪಾಯ ಹೆಚ್ಚು. ಸುಸ್ತಾದರೆ ತಾನೇ ನಿಲ್ಲುತ್ತದೆ ಎಂದುಕೊಳ್ಳಬೇಡಿ. ನಾವು ಚೆಂಡು ಎಸೆಯುತ್ತಿದ್ದರೆ ಎಷ್ಟೋ ನಾಯಿಗಳು ಕುಸಿಯುವವರೆಗೂ ಓಡುತ್ತಲೇ ಇರುತ್ತವೆ.

ಬೆಳಿಗ್ಗೆಯೋ, ಸಂಜೆಯೋ?

ಸಾಧ್ಯವಾದರೆ ಬೆಳಿಗ್ಗೆ. ನಮ್ಮ ಕಡಲತೀರ ಪಶ್ಚಿಮಕ್ಕೆ ಮುಖ ಮಾಡಿದೆ. ಬೆಳಗಿನ ಸೂರ್ಯ ಊರ ಕಡೆಯಿಂದ ಏರುವುದರಿಂದ ತೆಂಗಿನ ಮರಗಳ ನೆರಳು ಮರಳಿನತ್ತ ಬೀಳುತ್ತದೆ, ಮರಳೂ ರಾತ್ರಿಯಿಡೀ ಆರಿರುತ್ತದೆ. ಸಂಜೆ ನಾಲ್ಕಕ್ಕೆ ಬಿಸಿಲು ಸಮುದ್ರದ ಕಡೆಯಿಂದ ನೇರವಾಗಿ ಹೊಡೆಯುತ್ತದೆ. ಹಗಲೆಲ್ಲ ಕಾದ ಒಣ ಮರಳು ಪಾದ ಸುಡುತ್ತದೆ. ಸಂಜೆಯೇ ಹೋಗುವುದಾದರೆ ಸೂರ್ಯ ಪೂರಾ ಇಳಿಯಲಿ. ಅಂಗೈಯ ಹಿಂಬದಿಯನ್ನು ಮರಳಿನ ಮೇಲೆ ಏಳು ಸೆಕೆಂಡ್ ಇಟ್ಟು ನೋಡಿ. ನಿಮಗೆ ತಡೆಯಲಾಗದಿದ್ದರೆ ನಾಯಿಗೂ ಆಗುವುದಿಲ್ಲ.

‘ಐದೇ ನಿಮಿಷ, ಕಾರಲ್ಲಿರಲಿ ಬಿಡಿ’

ಕೃಷ್ಣಮಠದಲ್ಲಿ ದರ್ಶನ, ಆಮೇಲೆ ಊಟ. ನಾಯಿಯನ್ನು ಒಳಗೆ ಕರೆದೊಯ್ಯುವಂತಿಲ್ಲ. ಕಿಟಕಿಯನ್ನು ಎರಡು ಬೆರಳು ಇಳಿಸಿ ಕಾರಿನಲ್ಲೇ ಬಿಟ್ಟು ಹೋಗುವವರಿದ್ದಾರೆ. ಅಮೆರಿಕದ ಸ್ಟ್ಯಾನ್‌ಫರ್ಡ್‌ನ ವೈದ್ಯರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಿಸಿಲಿಗೆ ನಿಂತ ಕಾರಿನ ಒಳಗಿನ ಬಿಸಿ ಒಂದು ಗಂಟೆಯಲ್ಲಿ ಸರಾಸರಿ 22 ಡಿಗ್ರಿ ಸೆಲ್ಸಿಯಸ್ ಏರಿತ್ತು. ಅದರಲ್ಲಿ ಸುಮಾರು 80 ಶೇಕಡಾ ಏರಿಕೆ ಮೊದಲ ಅರ್ಧ ಗಂಟೆಯಲ್ಲೇ ಆಗಿತ್ತು. ಕಿಟಕಿ ಸ್ವಲ್ಪ ತೆರೆದಿಟ್ಟರೂ ಹೇಳಿಕೊಳ್ಳುವ ವ್ಯತ್ಯಾಸ ಆಗಲಿಲ್ಲ. ದರ್ಶನದ ಸಾಲು ಐದು ನಿಮಿಷಕ್ಕೆ ಮುಗಿಯುವ ಖಾತ್ರಿ ಯಾರಿಗೂ ಇಲ್ಲ. ಮನೆಯವರು ಸರದಿಯಲ್ಲಿ ಹೋಗಿಬನ್ನಿ, ಒಬ್ಬರು ನಾಯಿಯ ಜೊತೆ ನೆರಳಲ್ಲಿರಲಿ.

ಎಲ್ಲ ನಾಯಿಗೂ ಈಜು ಬರುತ್ತದೆಯೇ?

ನೀರಿಗೆ ಬಿದ್ದರೆ ಬಹುಪಾಲು ನಾಯಿಗಳು ಕಾಲು ಬಡಿಯುತ್ತವೆ. ಆದರೆ ಕಾಲು ಬಡಿಯುವುದೇ ಈಜಲ್ಲ. ತಲೆ ದಪ್ಪ, ಕಾಲು ಗಿಡ್ಡ ಇರುವ ಬುಲ್‌ಡಾಗ್, ಪಗ್, ಡ್ಯಾಶ್‌ಹುಂಡ್ ನೀರಲ್ಲಿ ಬೇಗ ಸೋಲುತ್ತವೆ. ಮೈಯಲ್ಲಿ ಕೊಬ್ಬು ಕಡಿಮೆ ಇರುವ ನಾಯಿಗಳಿಗೆ ತೇಲುವುದೂ ಕಷ್ಟ. ಕೆರೆಯಲ್ಲಿ ಚೆನ್ನಾಗಿ ಈಜುವ ನಾಯಿಯನ್ನೂ ಸಮುದ್ರದ ಸೆಳೆತ ಒಳಗೆ ಎಳೆದೊಯ್ಯಬಲ್ಲದು. ಉದ್ದ ಹಗ್ಗ ಕಟ್ಟಿ, ಮೊಣಕಾಲುದ್ದ ನೀರಿನಲ್ಲಷ್ಟೇ ಆಡಿಸಿ. ಮಳೆಗಾಲದಲ್ಲಿ ನೀರಿಗೇ ಇಳಿಸಬೇಡಿ.

ಉಪ್ಪುನೀರು ಔಷಧಿಯೇ?

ಅಲ್ಲ. ಮೈ ಮೇಲೆ ಉಪ್ಪು ಒಣಗಿದರೆ ತುರಿಕೆ ಹೆಚ್ಚುತ್ತದೆ. ಗಾಯ, ಹುಣ್ಣು ಇದ್ದರೆ ಉರಿಯುತ್ತದೆ. ಒಂದು ಸ್ನಾನಕ್ಕೆ ಉಣ್ಣಿಗಳೂ ಸಾಯುವುದಿಲ್ಲ. ಆಟ ಮುಗಿದ ಕೂಡಲೇ ಸಿಹಿನೀರಿನಲ್ಲಿ ಮೈ ತೊಳೆದು ಕಿವಿಗಳನ್ನು ಒರೆಸಿ.

ಹೊಟ್ಟೆಗೆ ಹೋಗುವ ಉಪ್ಪುನೀರು ಇನ್ನೂ ಅಪಾಯ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಅಲೆಯಿಂದ ಚೆಂಡು ಕಚ್ಚಿ ತರುವಾಗಲೆಲ್ಲ ನಾಯಿ ಒಂದೊಂದು ಗುಟುಕು ನುಂಗುತ್ತದೆ. ಸ್ವಲ್ಪವಾದರೆ ಭೇದಿ. ಹೆಚ್ಚಾದರೆ ವಾಂತಿ, ತೂರಾಟ, ಫಿಟ್ಸ್. ಬಾಯಾರಿದ ನಾಯಿ ಎದುರಿಗಿರುವ ನೀರನ್ನೇ ಕುಡಿಯುತ್ತದೆ. ಆದ್ದರಿಂದ ಮನೆಯಿಂದಲೇ ಸಿಹಿನೀರು, ಬಟ್ಟಲು ಒಯ್ದು ಕಾಲು ಗಂಟೆಗೊಮ್ಮೆ ಕುಡಿಸಿ.

ದಡದಲ್ಲಿ ಬಿದ್ದ ಮೀನು, ಮರಳೊಳಗಿನ ಮೊಟ್ಟೆ

ಮಲ್ಪೆ ಮೀನುಗಾರಿಕೆಯ ಊರು. ಬಲೆಯಲ್ಲಿ ಸಿಕ್ಕಿ ಬೇಡವಾದ ಮೀನು ದಡದಲ್ಲಿ ಬಿದ್ದಿರುವುದುಂಟು. ಮೈ ಉಬ್ಬಿಸಿಕೊಳ್ಳುವ ಪಫರ್ ಮೀನಿನಲ್ಲಿ ಟೆಟ್ರೊಡೊಟಾಕ್ಸಿನ್ ಎಂಬ ವಿಷವಿರುತ್ತದೆ. 2009ರಲ್ಲಿ ನ್ಯೂಜಿಲೆಂಡ್‌ನ ಆಕ್ಲೆಂಡ್ ತೀರದಲ್ಲಿ ನಾಯಿಗಳು ಸತ್ತದ್ದು ಇದೇ ವಿಷವಿದ್ದ ಕಡಲ ಹುಳುವಿನಂಥ ಜೀವಿಯಿಂದ. ದಡದಲ್ಲಿ ಬಿದ್ದ ಯಾವುದನ್ನೂ ನಾಯಿಯ ಬಾಯಿಗೆ ಹೋಗಲು ಬಿಡಬೇಡಿ.

ಚಳಿಗಾಲದಲ್ಲಿ ಕರ್ನಾಟಕದ ತೀರದಲ್ಲಿ ಆಲಿವ್ ರಿಡ್ಲಿ ಕಡಲಾಮೆಗಳು ಮರಳಿನಲ್ಲಿ ಮೊಟ್ಟೆ ಇಡುತ್ತವೆ. ನಾಯಿಗಳು ಇವನ್ನು ಕೆದಕಿ ತಿನ್ನುತ್ತವೆ. ಆಗ ನಾಯಿಯನ್ನು ಬಿಟ್ಟು ಓಡಿಸುವುದು ಬೇಡ. ಇನ್ನು ಪಡುಬಿದ್ರಿಯ ಒಂದು ತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿದೆ. ಅಂಥ ತೀರಗಳಲ್ಲಿ ಸಾಕುಪ್ರಾಣಿಗಳ ಪ್ರವೇಶಕ್ಕೆ ಕಟ್ಟುನಿಟ್ಟಿನ ನಿಯಂತ್ರಣ ಇರಬೇಕೆಂಬುದು ಆ ಮಾನ್ಯತೆಯ ಷರತ್ತು. ಮೊದಲೇ ವಿಚಾರಿಸಿ ಹೋಗಿ.

ಬಿಸಿಲು ಬಡಿದರೆ ತಣ್ಣೀರು ಹಾಕಬಾರದೇ?

ಹಾಕಲೇಬೇಕು. ನಿಲ್ಲದ ಏದುಸಿರು, ಅಂಟು ಜೊಲ್ಲು, ಕಡುಕೆಂಪು ನಾಲಿಗೆ, ತೂರಾಡುವ ನಡಿಗೆ, ವಾಂತಿ ಕಂಡರೆ ಬಿಸಿಲಾಘಾತವೆಂದೇ ತಿಳಿಯಿರಿ. ತಣ್ಣೀರಿನಿಂದ ರಕ್ತನಾಳ ಕುಗ್ಗಿ ಒಳಗಿನ ಬಿಸಿ ಹೆಚ್ಚುತ್ತದೆ ಎಂಬ ಹಳೆಯ ಮಾತನ್ನು ಈಗಿನ ಪಶುವೈದ್ಯರು ಒಪ್ಪುವುದಿಲ್ಲ. ‘ಮೊದಲು ತಂಪು ಮಾಡಿ, ಆಮೇಲೆ ಸಾಗಿಸಿ’ ಎಂಬುದು ಈಗಿನ ನಿಯಮ. ಬ್ರಿಟನ್ನಿನ ರಾಯಲ್ ವೆಟರ್ನರಿ ಕಾಲೇಜಿನ ಸಂಶೋಧಕರು 2023ರಲ್ಲಿ ನೋಡಿದಾಗ, ಬಿಸಿಲಾಘಾತದಿಂದ ಆಸ್ಪತ್ರೆಗೆ ಬಂದ ನಾಯಿಗಳಲ್ಲಿ ಸುಮಾರು ಐದಕ್ಕೆ ಒಂದನ್ನಷ್ಟೇ ಹೊರಡುವ ಮುನ್ನ ತಂಪು ಮಾಡಲಾಗಿತ್ತು.

ನಾಯಿಯನ್ನು ನೆರಳಿಗೆ ತನ್ನಿ. ಅದರ ಮೈಗಿಂತ ತಣ್ಣಗಿರುವ ಯಾವ ನೀರಾದರೂ ಸರಿ, ನಲ್ಲಿಯದಾಗಲಿ, ಕಡಲಿನದಾಗಲಿ, ಮೈತುಂಬ ಸುರಿಯುತ್ತಾ ಗಾಳಿ ಹಾಕಿ. ಒದ್ದೆ ಟವೆಲ್ ಹೊದಿಸಿ ಬಿಡಬೇಡಿ, ಅದು ಬಿಸಿಯನ್ನು ಒಳಗೇ ಹಿಡಿದಿಡುತ್ತದೆ. ಎಚ್ಚರ ತಪ್ಪಿದ ನಾಯಿಯ ಬಾಯಿಗೆ ನೀರು ಹಾಕಬೇಡಿ. ಬಳಿಕ ಏಸಿ ಹಾಕಿದ ಕಾರಿನಲ್ಲಿ ಪಶುವೈದ್ಯರ ಬಳಿ ಕರೆದೊಯ್ಯಿರಿ. ಚೇತರಿಸಿಕೊಂಡಂತೆ ಕಂಡರೂ ತೋರಿಸಿ, ಒಳಗಿನ ಹಾನಿ ಒಂದೆರಡು ದಿನ ಬಿಟ್ಟು ಕಾಣಿಸಬಹುದು.

ಒಟ್ಟಿನಲ್ಲಿ, ಬೆಳಿಗ್ಗೆ ಬೇಗ ಒಂದರ್ಧ ಗಂಟೆ ಮರಳಲ್ಲಿ ಆಟ, ಹಗಲು ಫ್ಯಾನಿನ ಕೆಳಗೆ ನಿದ್ದೆ, ಸೂರ್ಯ ಮುಳುಗಿದ ಮೇಲೆ ಹಗ್ಗ ಹಿಡಿದು ಸಣ್ಣ ನಡಿಗೆ. ನಾಯಿಯ ಪಾಲಿಗೆ ಇಷ್ಟೇ ಒಳ್ಳೆಯ ಪ್ರವಾಸ. ‘ತಣ್ಣೀರು ಹಾಕಬೇಡಿ’ ಎಂಬ ಸಂದೇಶ ನಿಮ್ಮ ಗ್ರೂಪಿಗೆ ಬಂದರೆ ಮುಂದಕ್ಕೆ ಕಳಿಸಬೇಡಿ. ಅದರ ಬದಲು ಇದನ್ನು ಕಳಿಸಿ.