ಕೆಟ್ರ ಯಾರ ಕಡೆ ಒಯ್ಯೂದು?

ಆಲಮೇಲದ ನಮ್ಮ ಮನೆ ಮುಂದೆ ಮದರಂಗಿ ಬೇಲಿ ಇದೆ. ಮಳೆ ಬಿತ್ತೆಂದರೆ ಹದಿನೈದೇ ದಿನಕ್ಕೆ ಗೇಟಿನ ಮೇಲೆ ಬಾಗುತ್ತದೆ. ಅಪ್ಪ ಅದನ್ನು ಉದ್ದ ಹಿಡಿಕೆಯ ಕತ್ತರಿಯಿಂದ ಸವರುತ್ತಿದ್ದರು. ಅವರ ಬಲಭುಜ ನೋಯತೊಡಗಿದ ಮೇಲೆ, ಬೆಂಗಳೂರಲ್ಲಿ ಕೂತು ನಾನೊಂದು ಬ್ಯಾಟರಿ ಹೆಡ್ಜ್ ಟ್ರಿಮ್ಮರ್ ಆರ್ಡರ್ ಮಾಡಿದೆ. ರೇಟಿಂಗ್ ನೋಡಿದೆ, ರಿವ್ಯೂ ನೋಡಿದೆ, ಆಫರ್ ಅಂತೂ ನೋಡೇ ನೋಡಿದೆ. ಬಾಕ್ಸ್ ಬಿಚ್ಚಿದ ಅಪ್ಪ ಫೋನಿನಲ್ಲಿ ಕೇಳಿದ್ದು ಇಷ್ಟೇ: "ಛಲೋ ಐತಿ ತಮ್ಮಾ. ಕೆಟ್ರ ಯಾರ ಕಡೆ ಒಯ್ಯೂದು?"

"ವಾರಂಟಿ ಐತಪ್ಪಾ, ಚಿಂತಿ ಮಾಡಬ್ಯಾಡ" ಅಂದೆ.

ಒಂದು ಮಳೆಗಾಲ ಚೆನ್ನಾಗಿ ನಡೆಯಿತು. ಮುಂದಿನ ದಸರೆಗೆ ಊರಿಗೆ ಹೋದರೆ, ಅವ್ವ ಅಪ್ಪನ ಭುಜಕ್ಕೆ ಎಣ್ಣೆ ತಿಕ್ಕುತ್ತಿದ್ದಳು. ಮೂರು ತಿಂಗಳಿಂದ ಮತ್ತೆ ಅದೇ ಕತ್ತರಿ! ಮಷಿನ್ ಚಾರ್ಜ್ ಆಗುತ್ತಿರಲಿಲ್ಲವಂತೆ. "ನನಗ್ಯಾಕ ಹೇಳಲಿಲ್ಲ?" ಅಂದೆ. "ಹೇಳಿದ್ರ ನೀ ಮತ್ತೊಂದು ಕಳಸ್ತಿದ್ದಿ" ಅಂದರು ಅಪ್ಪ. ನನಗೆ ಮಾತೇ ಹೊರಡಲಿಲ್ಲ.

ಸರ್ವಿಸ್ ಸೆಂಟರಿಗೆ ಫೋನ್ ಮಾಡಿದೆ. "ವಾರಂಟಿ ಮುಗಿದಿದೆ ಸರ್, ಆ ಮಾಡೆಲ್ ಬ್ಯಾಟರಿ ಈಗ ಬರಲ್ಲ. ಹೊಸದೇ ತಗೊಳ್ಳಿ."

ಕೊನೆಗೆ ಊರಿನ ಮೋಟಾರ್ ರಿವೈಂಡಿಂಗ್ ಅಂಗಡಿಗೆ ಹೋದೆವು. ಕಾಕಾ ಬ್ಯಾಟರಿ ಬಿಚ್ಚಿ ಮಲ್ಟಿಮೀಟರ್ ಹಿಡಿದರು. 18 ವೋಲ್ಟ್ ಬ್ಯಾಟರಿಯೊಳಗೆ ಐದು ಲಿಥಿಯಂ ಸೆಲ್, ಒಂದು ಸತ್ತಿತ್ತು. "ಬ್ಯಾಸಗಿ ತುಂಬ ಎಲ್ಲಿಟ್ಟಿದ್ರಿ?" ತಗಡಿನ ಶೆಡ್ಡಿನಲ್ಲಿ, ಅದೂ ಪೂರ್ತಿ ಖಾಲಿ ಮಾಡಿ. "ಅಲ್ಲೇ ಸತ್ತೈತಿ. ಐದೂ ಸೆಲ್ ಬದಲಿ ಮಾಡಿ ಸ್ಪಾಟ್ ವೆಲ್ಡಿಂಗ್ ಮಾಡಬೇಕು, ಆ ಮಷಿನ್ ನನ್ನ ಕಡೆ ಇಲ್ಲ. ಸುಮ್ನ ಸಾಲ್ಡರ್ ಹಿಡದ್ರ ಬೆಂಕಿ ಹತ್ತೀತು, ನಾ ಮಾಡಂಗಿಲ್ಲ. ವಾಯರಿಂದು ತಂದಿದ್ರ ಕಾರ್ಬನ್ ಬ್ರಷ್, ಸ್ವಿಚ್ ಎಲ್ಲಾ ಇಲ್ಲೇ ಹಾಕ್ತಿದ್ದೆ."

ಈ ಸಲ ಕಾಕಾನನ್ನು ಕೇಳಿಯೇ ವಾಯರಿನ ಟ್ರಿಮ್ಮರ್ ತಂದೆವು. ಒಮ್ಮೆ ಬ್ರಷ್ ಸವೆದು ನಿಂತಿತ್ತು. ಅರ್ಧ ಗಂಟೆಯಲ್ಲಿ ಮತ್ತೆ ಓಡಿತು.

ಕಾಕಾ ಹೇಳಿಕೊಟ್ಟ ನಾಲ್ಕು ಮಾತು ನಿಮಗೂ ಬೇಕಾದೀತು:

• ಕೆಲಸ ಮುಗಿದ ಮೇಲೆ ಬ್ಲೇಡಿನ ಅಂಟು ಒರೆಸಿ, ನಾಲ್ಕು ಹನಿ ಮಷಿನ್ ಎಣ್ಣೆ ಬಿಡಿ. ಅಂಟು ಗಟ್ಟಿಯಾದರೆ ಬ್ಲೇಡ್ ಬಿಗಿಯುತ್ತದೆ, ಮೋಟಾರ್ ಕಾಯುತ್ತದೆ.
• ಬೆರಳಿಗಿಂತ ದಪ್ಪ ಟೊಂಗೆಗೆ ಕೈಗತ್ತರಿಯೇ ಸರಿ. ಸಿಕ್ಕಿಕೊಂಡರೆ ಮೊದಲು ಪ್ಲಗ್ ತೆಗೆಯಿರಿ, ಬ್ಯಾಟರಿಯದಾದರೆ ಬ್ಯಾಟರಿ ತೆಗೆಯಿರಿ.
• ವಾಯರಿನ ಮಷಿನ್ ಆದರೆ ಹಸಿ ಬೇಲಿಗೆ ಹಿಡಿಯಬೇಡಿ, ವಾಯರ್ ಯಾವಾಗಲೂ ಬೆನ್ನ ಹಿಂದಿರಲಿ.
• ಬ್ಯಾಟರಿಯನ್ನು ಅರ್ಧ ಚಾರ್ಜ್ ಮಾಡಿ ತಂಪು ಕೋಣೆಯಲ್ಲಿಡಿ, ಎರಡು ತಿಂಗಳಿಗೊಮ್ಮೆ ನೋಡಿ.

ಹಾಗಂತ ಬ್ಯಾಟರಿ ಮಷಿನ್ ಕೆಟ್ಟದ್ದಲ್ಲ. ಪ್ಲಗ್ ಇಲ್ಲದ ತೋಟದಲ್ಲಿ ಅದೇ ಬೇಕು. ಆದರೆ ಬಿಡಿ ಬ್ಯಾಟರಿ ಸಿಗುತ್ತದೆಯೇ, ಎಲ್ಲಿ ಸಿಗುತ್ತದೆ ಎಂದು ದುಡ್ಡು ಕೊಡುವ ಮೊದಲೇ ಕೇಳಿ. ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ 'ರೈಟ್ ಟು ರಿಪೇರ್' ಪೋರ್ಟಲ್ ಶುರು ಮಾಡಿದೆ. ಬಿಡಿಭಾಗ, ರಿಪೇರಿ, ವಾರಂಟಿ ವಿವರ ಒಂದೇ ಕಡೆ ಸಿಗಲಿ ಎಂಬುದು ಉದ್ದೇಶ. ನೀವು ಕೊಳ್ಳುವ ಕಂಪನಿ ಅದರಲ್ಲಿದೆಯೇ ಅಂತ ಒಮ್ಮೆ ನೋಡಿ. ದೂರು ಇದ್ದರೆ ಗ್ರಾಹಕ ಸಹಾಯವಾಣಿ 1915.

ಮೊನ್ನೆ ಅವ್ವನಿಗೆ ಹೊಸ ಮಿಕ್ಸರ್ ಕಳಿಸ್ತೀನಿ ಅಂದೆ. "ತಡಿ ತಮ್ಮಾ" ಅಂದ ಅಪ್ಪ, ಮಾಡೆಲ್ ಹೆಸರು ಚೀಟಿಯಲ್ಲಿ ಬರೆದುಕೊಂಡು ಕಾಕಾನ ಅಂಗಡಿಗೆ ಹೊರಟರು.